ಗೋಡೆಯ ಮೇಲಿನ ತಾಯಕ್ಕ

"ಅಮ್ಮಾ, ತಾಯಕ್ಕಜ್ಜಿ ಸತ್ತು ಹೋಗ್ಯಾಳೇನು?"

ರೊಟ್ಟಿ ಬಡಿಯುತ್ತಿದ್ದ ತುಳಸಿಯ ಕೈ ಹಾಗೇ ನಿಂತಿತು. ಅಂಗನವಾಡಿಯಿಂದ ಬಂದ ಮಗಳು ದೇವಿಕಾ ಬೆನ್ನ ಮೇಲಿನ ಚೀಲವನ್ನೂ ಇಳಿಸದೆ ಹೊಸಿಲ ಮೇಲೆ ನಿಂತಿದ್ದಳು.

"ಯಾರು ಹೇಳಿದ್ರು ನಿನಗ?"

"ಯಾರೂ ಹೇಳಿಲ್ಲ. ಹೊರಗ ಆಕಿ ಚಿತ್ರಕ್ಕ ಹಾರ ಹಾಕ್ಯಾರ. ತಾತನ ಫೋಟೋಕ ಹಾಕ್ದಂಗ."

ಒಲೆಯ ಆಚೆ ಬದಿಗೆ ಗೋಡೆಗೆ ಬೆನ್ನು ಕೊಟ್ಟು, ತಾಟಿನಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ ಇಟ್ಟುಕೊಂಡು ಕೂತಿದ್ದ ಪಕ್ಕದ ಮನೆಯ ತಾಯಕ್ಕ ತುತ್ತು ಮುರಿಯುತ್ತಲೇ ಉತ್ತರ ಕೊಟ್ಟಳು. "ಇನ್ನಾ ಇಲ್ಲವ್ವ ನನ್ನ ಕೂಸ. ಇದೊಂದು ರೊಟ್ಟಿ ಮುಗೀಲಿ, ಆಮ್ಯಾಲ ನೋಡೂಣು."

"ಹಂಗಾದ್ರ ಹಾರ ಯಾಕ?"

"ನಾ ಚಂದ ಅದೀನಲ್ಲ, ಅದಕ್ಕ."

ದೇವಿಕಾ ಅಜ್ಜಿಯನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು. ನಂಬಿಕೆ ಬಂದಂತೆ ಕಾಣಲಿಲ್ಲ. ತಾಯಕ್ಕ ಗೊಳ್ಳನೆ ನಕ್ಕಳು. ತುಳಸಿಗೆ ಮಾತ್ರ ನಗು ಬರಲಿಲ್ಲ. ಮಗು ಕೇಳಿದ ಮಾತು ಹಂಚಿನ ಮೇಲಿನ ರೊಟ್ಟಿಯ ಹಾಗೆ ಅವಳೆದೆಯಲ್ಲಿ ಉಬ್ಬುತ್ತಾ ಹೋಯಿತು.

ಆ ಚಿತ್ರ ಇದ್ದದ್ದು ತುಳಸಿಯ ಮನೆಯ ಗೋಡೆಯ ಮೇಲೆಯೇ. ಹೊಸಪೇಟೆಯಲ್ಲಿ ಕಾಲುವೆ ದಾಟಿ ಹಂಪಿ ಕಡೆಗೆ ಹೊರಳುವ ರಸ್ತೆಗೆ ಬಾಳೆಮಂಡಿ ಓಣಿಯ ಬಾಯಿ ತೆರೆದುಕೊಳ್ಳುತ್ತದೆ. ಅಲ್ಲಿಯ ಮೂಲೆಮನೆ ಅವಳದು. ಅದರ ಪಕ್ಕದ ಗೋಡೆ ಬಸ್ಸಿನಲ್ಲಿ ಹೋಗುವವರಿಗೂ ಕಾಣುವಷ್ಟು ದೊಡ್ಡದು. ಆ ಗೋಡೆಯ ತುಂಬ ತಾಯಕ್ಕ ನಿಂತಿದ್ದಳು. ಕೆಮ್ಮಣ್ಣಿನ ಹಿನ್ನೆಲೆ, ಹಸಿರು ಸೀರೆ, ಹಣೆಗೆ ಅಗಲ ಕುಂಕುಮ, ಮೂಗುಬಟ್ಟು, ಎದುರಿಗೆ ಬಂದವರನ್ನು ಬಿಡದೆ ನೋಡುವ ಕಣ್ಣು. ಬಲಗೈಯಲ್ಲಿ ಕತ್ತಾಳೆ ನಾರಿನ ಕುಂಚ, ಎಡಗೈಯಲ್ಲಿ ಸುಣ್ಣದ ಗಡಿಗೆ.

ತಾಯಕ್ಕನ ಬದುಕೆಂದರೆ ಆ ಕುಂಚ ಮತ್ತು ಆ ಗಡಿಗೆ. ಕಂಪ್ಲಿ ಕಡೆಯಿಂದ ಎಳೆಯ ವಯಸ್ಸಿನಲ್ಲಿ ಸೊಸೆಯಾಗಿ ಬಂದವಳಿಗೆ ಅತ್ತೆ ಸೌಟಿಗಿಂತ ಮೊದಲು ಕುಂಚ ಹಿಡಿಸಿದಳು. ಮಾರ್ನಮಿ ಹಬ್ಬ ಹತ್ತಿರ ಬಂತೆಂದರೆ, ಓಣಿಯಲ್ಲಿ ಯಾರದಾದರೂ ಮದುವೆ ಕೂಡಿತೆಂದರೆ, ತಾಯಕ್ಕನಿಗೆ ಹೇಳಿಕಳಿಸುತ್ತಿದ್ದರು. ಸುಣ್ಣದ ಹರಳು ನೆನೆಹಾಕಿ, ಅದು ಕೊತಕೊತ ಕುದಿದು ತಣ್ಣಗಾದ ಮೇಲೆ ಚಿಟಿಕೆ ನೀಲಿ ಬೆರೆಸಿ ಮೇಲೆಲ್ಲ ಬಿಳುಪು ಹೊಡೆಯುವುದು. ಬುಡದ ಪಟ್ಟಿಗೆ ಕೆಮ್ಮಣ್ಣು. ಮದುವೆ ಮನೆಯಾದರೆ ಬಾಗಿಲ ಎರಡೂ ಬದಿಗೆ ಗಿಳಿ, ಆನೆ, ಗೊನೆ ಬಿಟ್ಟ ಬಾಳೆ. ಅವಳು ಬರೆದ ಆನೆಗಳ ಕಾಲು ಯಾವಾಗಲೂ ಕುಳ್ಳು. "ನಮ್ಮ ಓಣ್ಯಾಗ ಎತ್ತರದ ಆನಿ ಹಿಡಿಯಂಗಿಲ್ಲ" ಎನ್ನುತ್ತಿದ್ದಳು. ಗಂಡ ಸಂಡೂರಿನ ಗಣಿಯಲ್ಲಿ ಲಾರಿಗೆ ಅದಿರು ತುಂಬಲು ಹೋಗುತ್ತಿದ್ದ ಕಾಲಕ್ಕೆ ಬರುವಾಗ ಚೀಲದಲ್ಲಿ ಕೆಮ್ಮಣ್ಣು ತಂದುಕೊಡುತ್ತಿದ್ದ. ಆಮೇಲೆ ಅದಿರಿಗೆ ಬೆಲೆ ಬಂತು, ಗುಡ್ಡಕ್ಕೆ ಬೇಲಿ ಬಂತು, ಗಂಡನ ಎದೆಗೆ ಕೆಮ್ಮು ಬಂತು. ಅವನೂ ಹೋದ. ಮಕ್ಕಳಾಗಿರಲಿಲ್ಲ. ಅದನ್ನು ಯಾರಾದರೂ ಎತ್ತಿದರೆ, "ಮಕ್ಕಳಿದ್ರ ಒಂದ ಮನಿ ಬಳೀತಿದ್ದೆ. ಈಗ ಓಣಿಗಿ ಓಣೀನ ನಂದು" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅವಳ ಕೆಲಸಕ್ಕೆ ಎರಡು ಕಟ್ಟಳೆಗಳಿದ್ದವು, ಅತ್ತೆಯಿಂದ ಬಂದವು. ಯಾವ ಗೋಡೆಗಾದರೂ ಮೊದಲನೇ ಕುಂಚವನ್ನು ಆ ಮನೆಯ ಹೆಣ್ಣುಮಗಳೇ ಎಳೆಯಬೇಕು. "ಮನಿ ನಿಮ್ಮದು, ಗ್ವಾಡಿ ನಿಮ್ಮದು. ನೀವು ಹೂಂ ಅನ್ನದ ನಾ ಹೆಂಗ ಮುಟ್ಟಲಿ?" ಇನ್ನೊಂದು, ಕೆಲಸ ಮುಗಿದ ಸಂಜೆ ಹಸಿ ಗೋಡೆಯನ್ನು ಬರಿದೇ ಬಿಡಬಾರದು. ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ನಿಂಬೆಹಣ್ಣು ಇಟ್ಟು ಬರಬೇಕು. ಮದುವೆಯಾಗಿ ಬಂದ ವರ್ಷ ತುಳಸಿ ಕುಂಚ ಹಿಡಿದಾಗ ಸುಣ್ಣವೆಲ್ಲ ಮೊಳಕೈಗೆ ಇಳಿದು, ಹೊಸ ಸೀರೆ ಬಿಳಿಯಾಗಿ, ಓಣಿಯ ಹೆಂಗಸರು ಹೊಟ್ಟೆ ಹಿಡಿದು ನಕ್ಕಿದ್ದರು. ಆವತ್ತು ತಾಯಕ್ಕನೊಬ್ಬಳೇ ನಗದೆ ಅವಳ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿದ್ದಳು.

ಓಣಿಯ ನೆಲ ಒಬ್ಬ ಸಾವ್ಕಾರರದು, ಮೇಲಿನ ಗೋಡೆ, ಸೂರು ಅಲ್ಲಿ ವಾಸವಿದ್ದವರದು. ಅಜ್ಜಂದಿರ ಕಾಲದ ಬಾಯಿಮಾತು. ಹಿರಿಯ ಸಾವ್ಕಾರ ಇರುವತನಕ ಆ ಮಾತು ನಡೆಯಿತು. ಮಗನಿಗೆ ಅಲ್ಲಿ ಹಂಪಿ ನೋಡಲು ಬರುವವರಿಗಾಗಿ ಲಾಡ್ಜು ಕಟ್ಟುವ ಮನಸ್ಸು. ಆಚೆ ಓಣಿಯ ಅರ್ಧ ಮನೆಗಳು ಆಗಲೇ ಹೋಮ್‌ಸ್ಟೇ, ಕಾಫಿ ಅಂಗಡಿ ಆಗಿದ್ದವು. ಅಲ್ಲಿದ್ದವರು ಒಬ್ಬರು ಪಾಪಿನಾಯಕನಹಳ್ಳಿ ಕಡೆ, ಒಬ್ಬರು ಇನ್ನೆಲ್ಲೋ, ಕೈಬಿಟ್ಟ ಜೋಳದ ಕಾಳಿನಂತೆ ಚೆದುರಿದ್ದರು. ಆ ಭಯದಲ್ಲಿ ಓಣಿ ಇದ್ದಾಗ ಬಂದವಳು ಚಿತ್ರಗಾರ್ತಿ ಸುಕನ್ಯಾ.

"ನಿಮ್ಮ ಮುಖಗಳನ್ನೇ ಗೋಡೆಗೆ ಬರೆಯೋಣ," ಎಂದಳು. "ಕೆಡವಲು ಬಂದವರು ಮೊದಲು ನಿಮ್ಮನ್ನು ನೋಡಬೇಕು, ಆಮೇಲೆ ಗೋಡೆಯನ್ನು."

ಮಾತು ಎಲ್ಲರಿಗೂ ಹಿಡಿಸಿತು. ಹುಡುಗರು, ಹೆಂಗಸರು ಬಣ್ಣ ಕಲೆಸಿದರು, ಏಣಿ ಹಿಡಿದರು. ಆಟೋ ಓಡಿಸುವ ದುರುಗಣ್ಣ ತನ್ನ ತೀರಿಹೋದ ತಾಯಿಯನ್ನು ಬರೆಸಿದ. ಒಬ್ಬರು ಬಾಳೆಗೊನೆ ಹೊತ್ತ ತಾತನನ್ನು ಬರೆಸಿದರು. ಮೂಲೆಯ ದೊಡ್ಡ ಗೋಡೆಗೆ ಯಾರೆಂದು ಕೇಳಿದಾಗ ಓಣಿಯೆಲ್ಲ ಒಂದೇ ಹೆಸರು ಹೇಳಿತು. ತುಳಸಿ ಮೊದಲನೇ ಕುಂಚ ಎಳೆದಳು. ಸುಕನ್ಯಾ ಎಲ್ಲ ಮುಗಿಸಿ ಕಡೆಗೆ ಕಣ್ಣು ಬರೆದು ಏಣಿ ಇಳಿದಳು. ಬಣ್ಣ ಇನ್ನೂ ಹಸಿ ಇತ್ತು. ತಾಯಕ್ಕ ಏನೂ ಯೋಚಿಸದೆ, ಜೀವಮಾನವಿಡೀ ಮಾಡಿದಂತೆ, ಸೆರಗು ಸಿಕ್ಕಿಸಿಕೊಂಡು ಗೋಡೆಯ ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿದಳು, ಕಾಯಿ ಒಡೆದಳು, ನಿಂಬೆಹಣ್ಣು ಇಟ್ಟಳು. ಸುಕನ್ಯಾ ಖುಷಿಯಾಗಿ ಫೋಟೋ ಹೊಡೆದುಕೊಂಡಳು. ತುಳಸಿಯೂ ಪಕ್ಕದಲ್ಲೇ ನಿಂತಿದ್ದಳು. ಯಾರಿಗೂ ಏನೂ ಅನ್ನಿಸಲಿಲ್ಲ.

ಮರುದಿನ ಬೆಳಗಾದರೆ ಹಂಪಿಗೆ ಹೊರಟ ಹೆಂಗಸೊಬ್ಬಳು ಬಸ್ಸಿಗೆ ಕಾಯುತ್ತಾ ಗೋಡೆಗೆ ಕೈಮುಗಿದಳು. ಕುಂಕುಮ ಕಂಡಿತ್ತು, ಕಾಯಿ ಕಂಡಿತ್ತು. ಹಾಗಿದ್ದ ಮೇಲೆ ಅಮ್ಮನೇ ಇರಬೇಕು. ಶುಕ್ರವಾರಕ್ಕೆ ಊದುಬತ್ತಿ ಬಂದವು. ಗೊತ್ತಿಲ್ಲದವರ ಕಣ್ಣಲ್ಲಿ ಬಲಗೈಯ ಕುಂಚ ಬೇವಿನ ಸೊಪ್ಪಾಯಿತು, ಎಡಗೈಯ ಗಡಿಗೆ ತುಂಬಿದ ಕೊಡವಾಯಿತು.

ಓಣಿಗೆ ಅದು ಮಸ್ತ್ ತಮಾಷೆ. ನಲ್ಲಿಯ ಹತ್ತಿರ ಹೆಂಗಸರು ಕೊಡ ಇಟ್ಟು ಅಡ್ಡಬೀಳುತ್ತಿದ್ದರು.

"ತಾಯಕ್ಕಾ, ನನಗೊಂದು ವರ ಕೊಡಬೇ."

"ಏನ್ ಬೇಕು, ಜಲ್ದಿ ಹೇಳು. ಭಾಳ ಮಂದಿ ಅದಾರ."

"ನನ್ನ ಗಂಡ ಕುಡಿಯೋದು ಬಿಡಬೇಕು."

"ಅದು ನಮ್ಮಲ್ಲಿ ಬರಂಗಿಲ್ಲ, ಮುಂದಿನ ಕೌಂಟರ್‌ಗೆ ಹೋಗು."

ನಗು ಹೆಚ್ಚು ದಿನ ಉಳಿಯಲಿಲ್ಲ. ಓಣಿಯ ಚಿತ್ರಗಳು ಮೊಬೈಲಿನಲ್ಲಿ ಊರೂರು ಸುತ್ತಿದವು. ಕ್ಯಾಮೆರಾ ನೇತುಹಾಕಿಕೊಂಡವರು ಬಂದರು, ಅವರಿಗಾಗಿ ಎದುರಿಗೇ ಒಂದು ಕಾಫಿ ಅಂಗಡಿ ಬಂತು. ಅದರ ಹಿಂದೆ ಸಾವ್ಕಾರರ ಮಗ ಬಂದು, ಬಹಳ ನಯವಾಗಿ, "ನಿಮ್ಮಿಂದ ಓಣಿಗೆ ಹೆಸರು ಬಂದೈತ್ರಿ. ಈಗ ಜಾಗಕ್ಕ ಒಳ್ಳೆ ಬೆಲಿ ಐತಿ. ದೀಪಾವಳಿ ಒಳಗ ಖಾಲಿ ಮಾಡಿಕೊಟ್ರ ಭಾಳ ಉಪಕಾರ" ಎಂದು ಹೇಳಿ ಹೋದ. ಉಳಿಯಲಿ ಎಂದು ಬರೆಸಿದ ಚಿತ್ರವೇ ಎಬ್ಬಿಸಲು ದಾರಿ ಮಾಡಿತ್ತು.

ಅವನ ಕಡೆಯ ಆಳುಗಳು ಟೇಪು, ಕೆಂಪು ಬಣ್ಣದ ಡಬ್ಬಿ ಹಿಡಿದು ಬಂದು ಮನೆಮನೆಗೂ ಗೀಟು ಹಾಕಿದರು. ದುರುಗಣ್ಣನ ತಾಯಿಯ ಕೆನ್ನೆಯ ಮೇಲೇ ದೊಡ್ಡ ಕತ್ತರಿ ಗುರುತು ಬಿತ್ತು. ಮೂಲೆಮನೆಗೆ ಬಂದಾಗ ಮಾತ್ರ ಡಬ್ಬಿ ಹಿಡಿದವನು ಚಪ್ಪಲಿ ಬಿಟ್ಟ. ಕೈಮುಗಿದ. "ಇದನ್ನ ಬಿಡ್ರಪೋ, ಅಮ್ಮನ ಜಾಗ. ನಾ ಮುಟ್ಟಂಗಿಲ್ಲ" ಎಂದು ಹಿಂದೆ ಸರಿದ. ಉಳಿದವರೂ ಮುಟ್ಟಲಿಲ್ಲ. ಮೂಲೆಮನೆ ಬೀಳದೆ ಓಣಿಯೊಳಗೆ ಲಾರಿ ಹೊರಳುವುದಿಲ್ಲ. ಜೆಸಿಬಿಯಂತೂ ಆಗದ ಮಾತು. ಕೆಲಸ ಅಲ್ಲಿಗೇ ನಿಂತಿತು.

ಆ ಚಿತ್ರವನ್ನು ದೇವಿಯೆಂದೇ ನಡೆಸಿದರೆ ಓಣಿ ಉಳಿಯುತ್ತದೆಂಬುದು ದುರುಗಣ್ಣನಿಗೆ ಹೊಳೆಯಲು ಅರೆಗಳಿಗೆ ಸಾಕಾಯಿತು. ತಾಯಕ್ಕನ ಗಂಡನ ಅಕ್ಕನ ಮಗ ಅವನು, ಕೆಟ್ಟವನಲ್ಲ. ಮಾರನೇ ದಿನವೇ ಚಿತ್ರದ ಮೇಲೆ ತಗಡಿನ ನೆರಳು ಬಂತು, ಗಂಟೆ ಬಂತು, ದಿನಾ ಒಂದು ಹಾರ ಬಂತು. ದೇವಿಕಾ ನೋಡಿದ್ದು ಆ ಹಾರವನ್ನೇ. ತೋರಣಗಲ್ಲಿನ ಕಡೆ ಪ್ಲಾಂಟಿಗೆ ಶಿಫ್ಟಿನ ಮೇಲೆ ಹೋಗುವ ತುಳಸಿಯ ಗಂಡ ಲಿಂಗರಾಜ್ ಕೂಡ, "ಮನಿ ಉಳೀತೈತಿ ಅಂದ್ರ ಒಂದು ಗಂಟಿ ಬಾರಿಸಿದ್ರ ನಿಂದೇನು ಹೋಗ್ತೈತಿ? ಸುಮ್ನಿರು" ಎಂದ. ತುಳಸಿಗೂ ಹಾಗೇ ಅನ್ನಿಸಿತು. ಅದೂ ನಿಜವೇ ಅಲ್ಲವೇ? ಈ ಮನೆಯಲ್ಲಿ ದೇವಿಕಾಳ ತೊಟ್ಟಿಲು ಕಟ್ಟಿದ ಕೊಂಡಿ ಇನ್ನೂ ಜಂತಿಯಲ್ಲಿತ್ತು. ಅಂಗನವಾಡಿ ಎರಡು ಹೆಜ್ಜೆ, ನಲ್ಲಿ ಬಾಗಿಲಲ್ಲಿ.

ತಾಯಕ್ಕನಿಗೆ ಮಾತ್ರ ಗೋಡೆಯ ಮೇಲಿನವಳಿಂದ ಕಾಟ ಶುರುವಾಯಿತು. ಎಲೆ-ಅಡಿಕೆ ಹಾಕಿ ಕಟ್ಟೆಯ ಮೇಲೆ ಕೂತರೆ ದುರುಗಣ್ಣ ಓಡಿಬರುತ್ತಿದ್ದ. "ಅತ್ತಿ, ಒಳಗ ಕುಂದ್ರಬೇ, ಮಂದಿ ಬರೋ ಹೊತ್ತು." ಚಹಾದಂಗಡಿಗೆ ಹೋದರೆ ಅಪರಿಚಿತರು ಎದ್ದು ನಿಲ್ಲುತ್ತಿದ್ದರು. ಮಾರ್ನಮಿ ಹತ್ತಿರ ಬಂದರೂ ಯಾರೂ ಸುಣ್ಣಕ್ಕೆ ಕರೆಯಲಿಲ್ಲ. ಅವಳೇ ಮನೆಮನೆಗೆ ಹೋಗಿ ಕೇಳಿದರೆ, ಮೊನ್ನೆ ನಲ್ಲಿಯ ಹತ್ತಿರ ಅಡ್ಡಬಿದ್ದು ನಕ್ಕವರೇ ಮುಖ ಕೆಳಗೆ ಹಾಕಿ, "ಬ್ಯಾಡ ತಾಯಕ್ಕ, ಪೇಂಟಿನವರಿಗೆ ಹೇಳೀವಿ. ನಿನ್ನ ಕೈಲಿ ಹೆಂಗ ಬಳಿಸೋದು? ಮನಸಿಗೆ ಒಂಥರಾ ಆಗ್ತೈತಿ" ಎಂದರು.

"ಒಂಥರಾ ಅಂದ್ರ ಯಾವ ಥರಾ?" ಎಂದು ತುಳಸಿಯ ಅಡುಗೆಮನೆಯಲ್ಲಿ ಕೂತು ತಾಯಕ್ಕ ಕೇಳಿದಳು. "ಹೋದ ವರ್ಷ ಇವೇ ಕೈ. ಇದೇ ಉಗುರು."

"ನೀ ದೇವರಂತ ನಂಬೂದಿಲ್ಲ ತಾಯಕ್ಕ, ಹೆದರ್ತಾರ ಅಷ್ಟ."

"ನಂಬಿದ್ರರ ಚಲೋ ಇತ್ತು. ಉಣ್ಣಾಕ ಹಾಕ್ತಿದ್ರು."

ಹೀಗಿರುವಾಗ ಒಂದು ಶುಕ್ರವಾರ ಹತ್ತಿರದ ಹಳ್ಳಿ ಮಲಪನಗುಡಿಯ ಹೆಣ್ಣುಮಗಳೊಬ್ಬಳು ಜ್ವರದಲ್ಲಿ ಸುಡುತ್ತಿದ್ದ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಳು. ತಾಯಕ್ಕ ಆಗ ಬಚ್ಚಲ ನೀರು ಚೆಲ್ಲಲು ಹೊರಗೆ ಬಂದಿದ್ದಳು, ಕೈಯಲ್ಲಿ ಬಕೆಟ್ಟು. ಆ ಹೆಣ್ಣುಮಗಳು ಗೋಡೆಯನ್ನು ನೋಡಿದಳು, ಬಕೆಟ್ಟು ಹಿಡಿದವಳನ್ನು ನೋಡಿದಳು. ಮರುಕ್ಷಣ ಕೂಸನ್ನು ತಾಯಕ್ಕನ ಪಾದದ ಮೇಲೆ ಮಲಗಿಸಿಬಿಟ್ಟಳು.

"ಯವ್ವಾ, ನೀನ ಬಂದೀ. ಮುಟ್ಟವ್ವ ನನ್ನ ಕೂಸನ್ನ."

"ಏ ತಂಗೀ, ನಾ ಸುಣ್ಣ ಬಳಿಯಾಕಿ! ಎತ್ತು, ಮೊದಲು ಎತ್ತು. ದವಾಖಾನಿಗೆ ಕರಕೊಂಡು ಹೋಗು."

"ದವಾಖಾನಿ ಬ್ಯಾಡ. ನೀ ಮುಟ್ಟು, ಸಾಕು."

ತುಳಸಿ ಓಡಿಬಂದು ಕೂಸಿನ ಹಣೆ ಮುಟ್ಟಿ ನೋಡಿದಳು, ಕಾದ ಹಂಚು. "ಅಕ್ಕಾರ, ಬರ್ರಿ, ದುರುಗಣ್ಣನ ಆಟೋದಾಗ ಹೋಗೂಣು, ನಾನೂ ಬರ್ತೀನಿ" ಎಂದು ಬೇಡಿದಳು. ಆಕೆಯ ಕಿವಿಗೆ ಏನೂ ಬೀಳಲಿಲ್ಲ. ಸುತ್ತ ಮಂದಿ ಕೂಡಿದರು. ಯಾರೋ ಗಂಟೆ ಬಾರಿಸಿದರು. ಕೂಸು ನೆಲದ ಮೇಲೇ ಇತ್ತು, ತಾಯಿ ಎತ್ತುತ್ತಿರಲಿಲ್ಲ. ಕಡೆಗೆ ತಾಯಕ್ಕ ಬಕೆಟ್ಟು ಕೆಳಗಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕೂಸಿನ ತಲೆ ಸವರಿದಳು. ಆಕೆ ಆ ಕೈಯನ್ನು ಕಣ್ಣಿಗೊತ್ತಿಕೊಂಡು, ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ದವಾಖಾನೆಯ ದಾರಿಗೆ ಬೆನ್ನು ಹಾಕಿ, ಬಂದ ದಾರಿಯಲ್ಲೇ ಹೋಗಿಬಿಟ್ಟಳು.

ಆಮೇಲೆ ತಾಯಕ್ಕ ಅನ್ನ ಮುಟ್ಟಲಿಲ್ಲ. "ನನ್ನ ಕೈ ನಂಬಿ ಆಕಿ ಮನಿಗೆ ಹೋದ್ಲಲ್ಲ ತುಳಸವ್ವ. ಕೂಸಿಗೆ ಏನಾರ ಆದ್ರ? ಕೊಂದಾಕಿ ನಾನಲ್ಲೇನು?"

ಮರುದಿನ ಇಬ್ಬರೂ ದೇವಿಕಾಳನ್ನೂ ಕರೆದುಕೊಂಡು ಮಲಪನಗುಡಿಗೆ ಹೋದರು. ಕೂಡಿದ ಮಂದಿಯಲ್ಲಿ ಯಾರೋ ಹೇಳಿದ ಊರಿನ ಹೆಸರು ಬಿಟ್ಟರೆ, ಯಾರ ಮನೆಯೆಂದು ಗೊತ್ತಿಲ್ಲ, ಆಕೆಯ ಹೆಸರು ಗೊತ್ತಿಲ್ಲ. ಕಂಡವರನ್ನೆಲ್ಲ, "ಇಲ್ಲಿ ಯಾವದಾರ ಕೂಸಿಗೆ ಜ್ವರ ಬಂದೈತೇನ್ರಿ?" ಎಂದು ಕೇಳುತ್ತಾ ಓಣಿ ಓಣಿ ಅಲೆದರು. ಪ್ರತಿ ತಿರುವಿನಲ್ಲೂ ಅಳುವ ದನಿ ಕೇಳಿಸೀತೇ ಎಂದು ತುಳಸಿಯ ಕಿವಿ ನೆಟ್ಟಗಾಗುತ್ತಿತ್ತು. ಕೊನೆಗೆ ಬಾಳೆತೋಟದ ಮಗ್ಗುಲಿನ ಮನೆಯ ಮುಂದೆ ಆ ಕೂಸು ಕಂಡಿತು. ಕಟ್ಟೆಯ ಮೇಲೆ ಕೂತು, ಮೈಕೈಗೆಲ್ಲ ಮೆತ್ತಿಕೊಂಡು ಮೊಸರನ್ನ ತಿನ್ನುತ್ತಿತ್ತು. ಜ್ವರ ತಾನೇ ಇಳಿದಿತ್ತು.

ತುಳಸಿಗೆ ಉಸಿರು ಬಂತು. ದೇವಿಕಾ ಕೂಸಿಗೆ ತನ್ನ ಬಿಸ್ಕತ್ತು ಕೊಡಲು ಹೋದಳು. ಅಷ್ಟರಲ್ಲಿ ತಾಯಿ ಹೊರಗೆ ಬಂದವಳೇ ಕಿರುಚಿದಳು. "ಬರ್ರಿ, ಎಲ್ಲಾರೂ ಬರ್ರಿ! ನಾ ಹೇಳಿದ್ದು ಇದೇ ಅಮ್ಮ! ಮನಿ ಹುಡಿಕ್ಕೊಂಡು ಬಂದಾಳ!"

ಕ್ಷಣದಲ್ಲಿ ಮಂದಿ ನೆರೆದರು. ಒಬ್ಬಳು ತಾಯಕ್ಕನ ಕಾಲಿಗೆ ನೀರು ಹಾಕಿದಳು. ಇನ್ನೊಬ್ಬಳು ಕುಂಟುವ ಮಗನನ್ನು ಎಳೆದು ತಂದಳು. ಮುದುಕನೊಬ್ಬ ಕಣ್ಣಿನ ಪೊರೆ ತೋರಿಸಿದ. ತಾಯಕ್ಕ ಅವರ ನಡುವಿನಿಂದ ಸೆರಗು ಬಿಡಿಸಿಕೊಂಡು ರಸ್ತೆಯವರೆಗೆ ಓಡಿದಂತೆಯೇ ನಡೆದಳು. ಬಸ್ಸಿನಲ್ಲಿ ಕೂತ ಮೇಲೆ, ಹೊರಗೆ ನೋಡುತ್ತಲೇ ಅಂದಳು. "ಕೂಸು ಉಳೀತು. ಭಾಳ ಚಲೋ ಆತು. ಆದ್ರ ಇನ್ನ ಇದು ನಿಲ್ಲಂಗಿಲ್ಲ ನೋಡು."

ನಿಲ್ಲಲಿಲ್ಲ. ಮುಂದಿನ ಶುಕ್ರವಾರ ಗೋಡೆಯ ಮುಂದೆ ಕೂಸುಗಳೇ ಕೂಸುಗಳು. ಕೆಮ್ಮುವವು, ಅಳಲೂ ಆಗದೆ ಬಾಯಿ ತೆರೆದು ಮಲಗಿದವು. ತುಳಸಿ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ದವಾಖಾನೆಯ ದಾರಿ ಹೇಳಿದಳು. ಇಬ್ಬರು ಕೇಳಿದರು, ಉಳಿದವರು ಅವಳನ್ನೇ ಬೈದರು. ತಾಯಕ್ಕ ತನ್ನ ಮನೆಯೊಳಗೆ ಬಾಗಿಲು ಹಾಕಿಕೊಂಡಿದ್ದಳು.

ಅಂದು ಸಂಜೆ ದುರುಗಣ್ಣ ಬಂದು ತುಳಸಿಯ ಮನೆಯಲ್ಲೇ ತಾಯಕ್ಕನ ಎದುರು ಕೂತ.

"ಅತ್ತಿ, ಸ್ವಲ್ಪ ದಿನ ಕಂಪ್ಲಿಗೆ ಹೋಗಿರು. ತಂಗಿ ಮನಿ ಐತಲ್ಲ. ನಾನ ಬಿಟ್ಟು ಬರ್ತೀನಿ."

"ಯಾಕಪಾ? ನನ್ನ ಮನಿಗೆ ಏನಾಗೇತಿ?"

"ದೇವರು ಗ್ವಾಡಿ ಮ್ಯಾಲ ಇದ್ರ ಮಂದಿ ನಂಬ್ತಾರ. ಎದುರಿಗೆ ಬಚ್ಚಲ ನೀರು ಚೆಲ್ಕೋಂತ ಅಡ್ಡಾಡಿದ್ರ ಎಷ್ಟು ದಿನ ನಂಬ್ತಾರ? ಯಾರಾರ ಒಬ್ಬ ಹೋಗಿ ಸಾವ್ಕಾರಗ, ಇದು ದೇವರಲ್ಲ, ಸುಣ್ಣದ ಮುದುಕಿ ಅಂದ್ರ ಮುಗೀತು. ಮಾರನೇ ದಿನ ಜೆಸಿಬಿ."

"ಲೇ ದುರುಗಾ, ಓಣಿ ಉಳಿಯಾಕ ನಾ ಓಣಿ ಬಿಡಬೇಕೇನಲೇ?"

ದುರುಗಣ್ಣ ಕೆಳಗೆ ನೋಡಿದ. "ನಮ್ಮವ್ವನ ಕೆನ್ನಿ ಮ್ಯಾಲ ಗೀಟು ಎಳದ್ರು ಅತ್ತಿ. ನಾ ಆಟೋದಾಗ ಕುಂತು ನೋಡಿದೆ. ಏನೂ ಮಾಡಾಕ ಆಗ್ಲಿಲ್ಲ. ನಿನ್ನ ಚಿತ್ರ ಒಂದ ತಡೀತು." ಎದ್ದು ಹೋಗುವಾಗ, "ಬುಧವಾರ ಬರ್ತೀನಿ, ಬಟ್ಟಿ ಕಟ್ಟಿಟ್ಟುಕೋ" ಎಂದ.

ಯಾರನ್ನು ಬೈಯಬೇಕೆಂದು ತುಳಸಿಗೆ ತಿಳಿಯಲಿಲ್ಲ. ರಾತ್ರಿಯ ಅಡುಗೆಗೆ ಬೇಳೆ ತೊಳೆಯುತ್ತಾ, ಬೇರೆ ಕಡೆ ಬಾಡಿಗೆ ಮನೆ ಸಿಕ್ಕರೆ ಲಿಂಗರಾಜ್‌ಗೆ ಬಸ್ಸು ಎಲ್ಲಿಂದ, ದೇವಿಕಾಗೆ ಶಾಲೆ ಎಲ್ಲಿ ಎಂದು ಮನಸ್ಸು ತಾನಾಗಿಯೇ ಲೆಕ್ಕ ಹಾಕುತ್ತಿತ್ತು. ಹಾಕುತ್ತಿದೆ ಎಂದು ಗೊತ್ತಾದಾಗ ಅವಳಿಗೇ ಹೆದರಿಕೆಯಾಯಿತು.

ಮಂಗಳವಾರ ಮಧ್ಯಾಹ್ನ ತಾಯಕ್ಕ ಬಂದಳು. ಬಟ್ಟೆಯ ಗಂಟು ಇರಲಿಲ್ಲ. ಸೊಂಟದ ಮೇಲೆ ಗಡಿಗೆ, ಅದರ ಬಾಯಿಗೆ ಒದ್ದೆ ಬಟ್ಟೆ, ಬಗಲಲ್ಲಿ ಹಳೆಯ ಕುಂಚ. ಗಡಿಗೆಯಿಂದ ನೆನೆದ ಸುಣ್ಣದ ಬಿಸಿ ವಾಸನೆ ಏಳುತ್ತಿತ್ತು. ಅದನ್ನು ಹೊಸಿಲ ಹೊರಗೇ ಇಳಿಸಿ ಕೂತಳು.

"ಮಗಳು?"

"ಮಲಗ್ಯಾಳ."

"ಮಲಗ್ಲಿ." ಸ್ವಲ್ಪ ಹೊತ್ತು ಕೈಯ ಒಣ ಸುಣ್ಣದ ಹಕ್ಕಳೆಗಳನ್ನು ಉಗುರಿನಿಂದ ಕೆರೆದು ತೆಗೆದಳು. "ಆವತ್ತು ಹಸಿ ಗ್ವಾಡಿಗೆ ಕಾಯಿ ಒಡದಾಕಿ ನಾನು. ಯಾರೂ ಹೇಳಿರಲಿಲ್ಲ. ನನ್ನ ಕೈಯಾರೆ ನನ್ನನ್ನ ದೇವರು ಮಾಡ್ಕೊಂಡೆ. ಮೂರು ದಿನಕ್ಕ ಮತ್ತ ಶುಕ್ರವಾರ ಬರ್ತೈತಿ, ಮತ್ತ ಕೂಸುಗಳು ಬರ್ತಾವ. ಒಂದು ಕೂಸು ಉಳೀತು ತುಳಸವ್ವ. ಎಲ್ಲಾ ಉಳೀತಾವೇನು?"

ತಗಡಿನ ನೆರಳಿನಲ್ಲಿ ಗಂಟೆ ಗಾಳಿಗೆ ಸಣ್ಣಗೆ ಸದ್ದು ಮಾಡಿತು.

"ಗ್ವಾಡಿ ಮ್ಯಾಲಿನಾಕಿನ್ನ ಅಳಿಸಿದ್ರ ನಿನ್ನ ಮನಿ ಮೊದಲು ಹೋಗ್ತೈತಿ. ದುರುಗ ನನ್ನ ಮಾರಿ ನೋಡಂಗಿಲ್ಲ. ಓಣಿ ಮಂದಿ ಶಾಪ ಹಾಕ್ತಾರ. ಎಲ್ಲಾ ಗೊತ್ತೈತಿ ನನಗ. ಅದಕ್ಕ ನಾನ ಹೋಗಿ ಬಳದಿಲ್ಲ. ಕೇಳಾಕ ಬಂದೀನಿ." ತಾಯಕ್ಕ ಕುಂಚವನ್ನು ಗಡಿಗೆಯಲ್ಲಿ ಅದ್ದಿ, ಅಂಚಿಗೆ ಒತ್ತಿ ಹೆಚ್ಚಿನ ಸುಣ್ಣ ಇಳಿಸಿ, ಹಿಡಿಯ ಕಡೆಯನ್ನು ತುಳಸಿಯತ್ತ ಚಾಚಿದಳು. "ಗ್ವಾಡಿ ನಿಂದವ್ವ. ಮೊದಲನೇ ಕುಂಚ ನೀ ಎಳೀಬೇಕು. ಕಣ್ಣಿನಿಂದ ಸುರು ಮಾಡು, ಉಳಿದದ್ದು ನಾ ಬಳೀತೀನಿ."